ಕಣ್ಣು ಹತ್ತುವ ಹೊತ್ತು



ಸ್ಟೀರಿಂಗಿನ ಮುಂದೆ ಹೆಬ್ಬೆರಳಿನಷ್ಟು ಕ್ಯಾಮೆರಾ ಕೂರಿಸಿ, ಗಾಡಿ ಓಡಿಸುವವನ ಕಣ್ಣು ಮುಚ್ಚುತ್ತಿದೆಯೋ ಇಲ್ಲವೋ ಎಂದು ನೋಡುತ್ತ ಕೂರುವ ಯಂತ್ರವನ್ನು ನಮ್ಮ ದೇಶದಲ್ಲೂ ಕಡ್ಡಾಯ ಮಾಡುವ ಮಾತು ನಡೆದಿದೆ. ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2025ರ ಮಾರ್ಚ್ ತಿಂಗಳಲ್ಲಿ ಇದರ ಕರಡು ನಿಯಮ ಹೊರಡಿಸಿತು. ಎಂಟಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಬಸ್ಸು, ಮಿನಿ ಬಸ್ಸುಗಳಿಗೆ ಮತ್ತು ಮೂರೂವರೆ ಟನ್ನು ಮೀರಿದ ಲಾರಿಗಳಿಗೆ ಇದು ಅನ್ವಯ. ಹೊಸ ಮಾದರಿಯ ಗಾಡಿಗಳಿಗೆ 2026ರ ಏಪ್ರಿಲ್‌ನಿಂದ ಎಂದು ಕರಡಿನಲ್ಲಿ ಬರೆದಿತ್ತು. ಅಪಾಯ ಎದುರಾದಾಗ ತಾನೇ ಬ್ರೇಕ್ ಹಾಕುವ ಸಾಧನ, ಗೆರೆ ದಾಟಿದರೆ ಕೂಗುವ ಸಾಧನ, ಇವೆರಡರ ಜೊತೆಗೆ ಚಾಲಕ ತೂಕಡಿಸಿದರೆ ಎಬ್ಬಿಸುವ ಸಾಧನವೂ ಇರಬೇಕು. ಈ ಮೂರನೆಯದು ಹೇಗಿರಬೇಕು ಎಂಬುದಕ್ಕೆ ಎಐಎಸ್-184 ಎಂಬ ಮಾನಕವಿದೆ. ಪುಣೆಯಲ್ಲಿರುವ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇಂಥ ಮಾನಕಗಳನ್ನು ಪ್ರಕಟಿಸುತ್ತದೆ.

ದೆಹಲಿಯ ಕರಡು, ಪುಣೆಯ ಮಾನಕ, ಇವನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರ ಮುಂದೆ ಯಾಕೆ ಹೇಳುತ್ತಿದ್ದೇನೆ ಎಂದರೆ, ವರ್ಷದಲ್ಲಿ ನಾಲ್ಕು ತಿಂಗಳು ರಾತ್ರಿಯಿಡೀ ಮಲಗದ ರಸ್ತೆಗಳು ನಮ್ಮವು. ಕೃಷ್ಣೆ, ಘಟಪ್ರಭೆಯರ ನೀರು ಹೊಲಕ್ಕೆ ಹತ್ತಿದ ಮೇಲೆ, ಅದರಲ್ಲೂ 1989ರಲ್ಲಿ ರೈತರೇ ಕೈಗೂಡಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡ ಮೇಲೆ, ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು ನಿಂತಿತು. ಸಿದ್ದಾಪುರ, ಹಿರೇಪಡಸಲಗಿ, ಸಮೀರವಾಡಿ, ಉತ್ತೂರು, ತಿಮ್ಮಾಪುರ, ಬಾಡಗಂಡಿ ಎಂದು ಕಾರ್ಖಾನೆಗಳ ಹೆಸರು ಹೇಳುತ್ತ ಹೋದರೆ ಬಸ್ಸಿನ ರೂಟು ಹೇಳಿದ ಹಾಗೆ ಆಗುತ್ತದೆ. ನವೆಂಬರ್‌ನಲ್ಲಿ ನುರಿಸಲು ಸುರುವಾದ ಗಾಣ ಹಗಲು ರಾತ್ರಿ ನಿಲ್ಲುವುದಿಲ್ಲ. ಗಾಣ ನಿಲ್ಲಬಾರದು ಎಂದರೆ ಯಾರ್ಡಿನಲ್ಲಿ ಕಬ್ಬಿನ ಸಾಲು ಕಡಿಯಬಾರದು, ಸಾಲು ಕಡಿಯಬಾರದು ಎಂದರೆ ಟ್ರ್ಯಾಕ್ಟರ್ ನಿಲ್ಲಬಾರದು. ಹಾಗಾದರೆ ಟ್ರ್ಯಾಕ್ಟರ್ ಮೇಲೆ ಕೂತವನು?

ಹಂಗಾಮಿನಲ್ಲಿ ಒಂದು ರಾತ್ರಿ ಯಾವುದಾದರೂ ಕಾರ್ಖಾನೆಯ ಯಾರ್ಡಿಗೆ ಹೋಗಿ ನೋಡಿ. ನೂರಾರು ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ, ಒಂದೊಂದರ ಹಿಂದೆ ಎರಡೆರಡು ಟ್ರೇಲರ್. ತೂಕದ ಕಾಟಾದ ಮುಂದೆ ಪಾಳಿ ಹಚ್ಚಿದವರಲ್ಲಿ ಬಹಳಷ್ಟು ಮಂದಿ ಇಪ್ಪತ್ತು, ಇಪ್ಪತ್ತೆರಡರ ಹುಡುಗರು. ಕೆಲವರು ಟ್ರೇಲರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿರುತ್ತಾರೆ. ಕೆಲವರು ಸೀಟಿನ ಮೇಲೇ ಸ್ಟೀರಿಂಗಿಗೆ ಹಣೆ ಹಚ್ಚಿ ಒರಗಿರುತ್ತಾರೆ. ಮುಂದಿನ ಗಾಡಿ ಹತ್ತು ಅಡಿ ಸರಿದರೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಎದ್ದು, ಗಾಡಿ ಸರಿಸಿ, ಮತ್ತೆ ಒರಗಬೇಕು. ಇದಕ್ಕೆ ನಿದ್ದೆ ಎಂದು ಹೆಸರು. ಕಬ್ಬು ಇಳಿಸಿ ಖಾಲಿ ಟ್ರೇಲರ್ ಎಳೆದುಕೊಂಡು ಹೊರಬಿದ್ದವನು ಸೀದಾ ಹೊಲಕ್ಕೆ ಹೋಗಬೇಕು. ಅಲ್ಲಿ ಕಡಿಯುವ ಗ್ಯಾಂಗಿನವರು ಬೆಳಕು ಹರಿಯುವುದಕ್ಕೆ ಮೊದಲೇ ಗಾಡಿ ಕೇಳುತ್ತಾರೆ. ಖೇಪು ಹೆಚ್ಚಾದಷ್ಟೂ ಮಾಲಕನಿಗೆ ದುಡ್ಡು, ಡ್ರೈವ್ಹರನಿಗೆ ಭತ್ತೆ. ಟ್ರ್ಯಾಕ್ಟರಿನ ಸಾಲದ ಕಂತು ಬ್ಯಾಂಕಿನಲ್ಲಿ ಕಾಯುತ್ತಿರುತ್ತದೆ. ಯಾರನ್ನು ಬಯ್ಯುವುದು?

ಅಂಥ ಹುಡುಗನೊಬ್ಬನನ್ನು ಕೇಳಿದೆ, "ಅಷ್ಟ ಜೋರ ಹಾಡ ಯಾಕ ಹಚ್ತೀರಿ ತಮ್ಮಾ, ಮಂದಿ ಬೈತಾರಲ್ಲ?" ಎಂದು. ಅವನು ನಗಲಿಲ್ಲ. "ಹಾಡ ಇದ್ರ ಎಚ್ಚರ ಇರ್ತೀವ್ರೀ ಸರ. ಬಂದ ಮಾಡಿದ್ರ ಕಣ್ಣ ಹತ್ತಾವು" ಎಂದ. ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನ ಮೇಲೆ ಪೊಲೀಸರಿಗೂ ಊರವರಿಗೂ ಸಿಟ್ಟಿದೆ, ಆ ಸಿಟ್ಟಿನಲ್ಲಿ ನ್ಯಾಯವೂ ಇದೆ. ಹಿಂದಿನ ಗಾಡಿಯ ಹಾರ್ನು ಕೇಳಿಸದಷ್ಟು ಸದ್ದು ಅದು. ಆದರೆ ಅದು ಬರೀ ಶೋಕಿಯಲ್ಲ. ತೂಕಡಿಕೆ ತಡೆಯಲು ಆ ಹುಡುಗ ತಾನೇ ಕಂಡುಕೊಂಡ ಉಪಾಯವೂ ಹೌದು. ಉಪಾಯ ಫಲಿಸುವುದಿಲ್ಲ ಎನ್ನುವುದು ಬೇರೆ ಮಾತು. ಇಂಗ್ಲೆಂಡಿನ ಲಫ್ಬರೋ ವಿಶ್ವವಿದ್ಯಾಲಯದಲ್ಲಿ ಹಾರ್ನ್ ಮತ್ತು ರೇನರ್ ಎಂಬ ಸಂಶೋಧಕರು ತೂಕಡಿಸುವ ಚಾಲಕರ ಮೇಲೆ ಹಾಡನ್ನೂ ತಣ್ಣನೆಯ ಗಾಳಿಯನ್ನೂ ಪರೀಕ್ಷಿಸಿ ನೋಡಿದ್ದಾರೆ. ಎರಡರ ಗುಣವೂ ಸ್ವಲ್ಪ ಹೊತ್ತು ಮಾತ್ರ. ಅವರು ಕಂಡ ಹಾಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಗಾಡಿ ನಿಲ್ಲಿಸಿ ಒಂದು ಕಾಫಿ ಕುಡಿದು, ಕಾಲು ತಾಸು ಕಣ್ಣು ಮುಚ್ಚುವುದು.

ಈಗ ಯಂತ್ರದ ವಿಷಯಕ್ಕೆ ಬರೋಣ.

ಕ್ಯಾಮೆರಾದ ಪಕ್ಕ ಕಣ್ಣಿಗೆ ಕಾಣದ ಒಂದು ಕೆಂಪು ಬೆಳಕು ಇರುತ್ತದೆ, ಅವಕೆಂಪು ಎನ್ನುತ್ತಾರಲ್ಲ, ಅದು. ಹಾಗಾಗಿ ಕತ್ತಲಲ್ಲೂ ಮುಖ ಕಾಣುತ್ತದೆ. ಯಂತ್ರ ರೆಪ್ಪೆಯ ಲೆಕ್ಕ ಇಡುತ್ತದೆ. ರೆಪ್ಪೆ ಕಣ್ಣಿನ ಶೇಕಡಾ 80ರಷ್ಟನ್ನು ಮುಚ್ಚಿದ ಹೊತ್ತು ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲು ಎಂಬುದು ಈ ವಿದ್ಯೆಯಲ್ಲಿ ಹಳೆಯ, ನೆಚ್ಚಿನ ಅಳತೆ. ಎಚ್ಚರ ಇರುವವನು ರೆಪ್ಪೆ ಪಟಕ್ಕನೆ ಮುಚ್ಚಿ ಪಟಕ್ಕನೆ ತೆರೆಯುತ್ತಾನೆ. ಮಂಪರು ಬಂದವನ ರೆಪ್ಪೆ ನಿಧಾನ ಇಳಿಯುತ್ತದೆ, ಏಳಲು ಮನಸ್ಸು ಮಾಡುವುದಿಲ್ಲ. ಇನ್ನು ಕೆಲವು ಯಂತ್ರಗಳು ಮುಖ ನೋಡುವುದೇ ಇಲ್ಲ, ಸ್ಟೀರಿಂಗ್ ತಿರುಗುವ ರೀತಿ ನೋಡಿ ಊಹಿಸುತ್ತವೆ. ನಿದ್ದೆಗಣ್ಣಿನವನು ಸ್ವಲ್ಪ ಹೊತ್ತು ಸ್ಟೀರಿಂಗನ್ನು ಸುಮ್ಮನೆ ಹಿಡಿದಿರುತ್ತಾನೆ, ಗಾಡಿ ಒಂದು ಕಡೆ ಎಳೆಯುತ್ತದೆ, ಬೆಚ್ಚಿ ಒಮ್ಮೆಲೇ ತಿರುವುತ್ತಾನೆ. ಈ ನಮೂನೆ ಸಿಕ್ಕರೆ ಯಂತ್ರ ಕೂಗುತ್ತದೆ.

ಎಷ್ಟು ನಿದ್ದೆ ಬಂದರೆ ಕೂಗಬೇಕು? ಮಾನಕ ಬೇಕಾಗುವುದು ಇಲ್ಲಿಯೇ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ಹೆಸರಿನಲ್ಲಿ 1990ರಿಂದ ಬಳಕೆಯಲ್ಲಿರುವ ಒಂಬತ್ತು ಮೆಟ್ಟಿಲಿನ ಅಳತೆಗೋಲೊಂದಿದೆ. ಒಂದನೆಯ ಮೆಟ್ಟಿಲಲ್ಲಿ ನಿಂತವನು ಪೂರ್ತಿ ಎಚ್ಚರ. ಏಳರಲ್ಲಿ ನಿದ್ದೆ ಬಂದಿದೆ, ಆದರೆ ತಡೆಯಲು ಕಷ್ಟಪಡಬೇಕಿಲ್ಲ. ಎಂಟರಲ್ಲಿ ಕಷ್ಟಪಡಬೇಕು. ಒಂಬತ್ತರಲ್ಲಿರುವವನು ನಿದ್ದೆಯ ಜೊತೆ ಗುದ್ದಾಡುತ್ತಿದ್ದಾನೆ. ಯುರೋಪಿನ ಒಕ್ಕೂಟದ ನಿಯಮ ಎಂಟನೆಯ ಮೆಟ್ಟಿಲಲ್ಲಿ ಯಂತ್ರ ಕೂಗಲೇಬೇಕು ಎನ್ನುತ್ತದೆ, ಏಳರಲ್ಲೇ ಕೂಗಿದರೂ ಅಡ್ಡಿಯಿಲ್ಲ. ಅಲ್ಲಿ ಹೊಸ ಮಾದರಿಗಳಿಗೆ 2022ರ ಜುಲೈಯಿಂದ, ಮಾರಾಟವಾಗುವ ಎಲ್ಲ ಹೊಸ ಗಾಡಿಗಳಿಗೆ 2024ರ ಜುಲೈಯಿಂದ ಇದು ಕಡ್ಡಾಯ. ಮೆಟ್ಟಿಲು ಯಾವುದೆಂದು ಕಾನೂನೇ ಹೇಳಿದ್ದರಿಂದ ಒಂದು ಕಂಪನಿಯ ಯಂತ್ರ ಬೇಗ ಕೂಗಿ, ಇನ್ನೊಂದರದು ಗುಂಡಿಗೆ ಬಿದ್ದ ಮೇಲೆ ಕೂಗುವ ಅವಾಂತರ ಅಲ್ಲಿ ತಪ್ಪಿತು.

ನಮ್ಮಲ್ಲಿ ಇವತ್ತಿಗೂ ಆ ಅವಾಂತರವೇ. ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ಪ್ಲಾಸ್ಟಿಕ್ ಸಾಧನ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಲೆ ಮುಂದಕ್ಕೆ ವಾಲಿದರೆ ಕಿರ್ರನ್ನುತ್ತದೆ, ಅಷ್ಟೇ. ಆದರೆ ತಲೆ ವಾಲುವುದು ನಿದ್ದೆಯ ಕೊನೆಯ ಹಂತ. ಅದಕ್ಕೂ ಮೊದಲೇ ಮೂರು ನಾಲ್ಕು ಸೆಕೆಂಡಿನ ಕಿರುನಿದ್ದೆ ಬಂದು ಹೋಗಿರುತ್ತದೆ, ಒಮ್ಮೊಮ್ಮೆ ಕಣ್ಣು ಅರೆತೆರೆದೇ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬಸ್ಸು ನಾಲ್ಕು ಸೆಕೆಂಡಿನಲ್ಲಿ 65 ಮೀಟರಿಗಿಂತ ಹೆಚ್ಚು ದಾಟುತ್ತದೆ. ಅಷ್ಟೂ ದೂರ ಸ್ಟೀರಿಂಗ್ ಹಿಂದೆ ಯಾರೂ ಇರಲಿಲ್ಲ ಎಂದೇ ತಿಳಿಯಬೇಕು.

ನಿದ್ದೆಯಿಂದ ಎಷ್ಟು ಮಂದಿ ಸಾಯುತ್ತಾರೆ ಎಂದು ನೀವು ಕೇಳಬಹುದು. ಸರಕಾರದ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ದೇಶದಲ್ಲಿ 2023ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1.72 ಲಕ್ಷಕ್ಕೂ ಹೆಚ್ಚು, ನಮ್ಮ ರಾಜ್ಯದಲ್ಲೇ 12 ಸಾವಿರಕ್ಕೂ ಹೆಚ್ಚು. ಸಚಿವಾಲಯದ ವಾರ್ಷಿಕ ವರದಿ ಈ ಸಾವುಗಳನ್ನು ಚಾಲಕರ ತಪ್ಪಿನ ಪ್ರಕಾರ ವಿಂಗಡಿಸುತ್ತದೆ: ಅತಿವೇಗ, ಕುಡಿದು ಓಡಿಸಿದ್ದು, ಎದುರು ದಿಕ್ಕಿನಲ್ಲಿ ನುಗ್ಗಿದ್ದು, ಕೆಂಪು ದೀಪ ದಾಟಿದ್ದು, ಮೊಬೈಲ್, ಮತ್ತು ಇತರೆ. ನಿದ್ದೆಗೆ ಅಲ್ಲಿ ಜಾಗವೇ ಇಲ್ಲ. ಮೂರರಲ್ಲಿ ಎರಡು ಪಾಲು ಸಾವು ಅತಿವೇಗದ ಲೆಕ್ಕಕ್ಕೆ ಹೋಗುತ್ತದೆ. ಬೆಳಗಿನ ಜಾವ ಮರಕ್ಕೆ ಗುದ್ದಿದ ಗಾಡಿಯ ಪಂಚನಾಮೆ ಬರೆಯುವಾಗ "ಅತಿವೇಗ ಮತ್ತು ಅಜಾಗರೂಕತೆ" ಎಂದು ಬರೆಯುವುದು ರೂಢಿ. ಮರಕ್ಕೂ ಗಾಡಿಗೂ ನಡುವೆ ಬ್ರೇಕಿನ ಗುರುತೇ ಇಲ್ಲದಿದ್ದರೆ ಅದರ ಅರ್ಥ ಏನು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಲೆಕ್ಕಕ್ಕೆ ಸಿಗದ ರೋಗದ ಔಷಧಕ್ಕೆಂದು ದುಡ್ಡು ಇಡುವವರು ಯಾರು?

2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಹೆದ್ದಾರಿ ಬದಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಮಂದಿ ಸತ್ತದ್ದು ನಿಮಗೆ ನೆನಪಿರಬಹುದು. ಭದ್ರಾವತಿ ಕಡೆಯ ಎಮ್ಮೆಹಟ್ಟಿಯವರು, ದೇವರಿಗೆ ಹೋಗಿ ಊರಿಗೆ ಮರಳುತ್ತಿದ್ದರು. ಚಾಲಕ ತೂಕಡಿಸಿರಬೇಕೆಂದು ಆಗ ಪೊಲೀಸರು ಶಂಕಿಸಿದ್ದರು. ನಮ್ಮಲ್ಲಿಯೂ ಹಾಗೆಯೇ ಅಲ್ಲವೇ? ಸವದತ್ತಿ, ಪಂಢರಪುರ, ತುಳಜಾಪುರ, ಶ್ರೀಶೈಲ ಎಂದು ಕ್ರೂಸರ್ ಬಾಡಿಗೆ ಹಿಡಿದು ರಾತ್ರಿ ಊಟ ಮಾಡಿ ಹೊರಡುತ್ತೇವೆ. ದರ್ಶನ ಮಾಡುವವರು ನಾವು. ಡ್ರೈವ್ಹರ ಹಗಲು ಪಾರ್ಕಿಂಗಿನ ಬಿಸಿಲಲ್ಲಿ ಸೀಟಿನ ಮೇಲೆ ಬೆವರುತ್ತ ಹೊರಳಾಡಿರುತ್ತಾನೆ. ಸಂಜೆ ಅವನನ್ನೇ ಎಬ್ಬಿಸಿ, "ನಾಳೆ ಮುಂಜಾನೆ ಅಂಗಡಿ ತೆಗಿಬೇಕು, ಬಿಡಪ್ಪಾ" ಎನ್ನುತ್ತೇವೆ. ಲಾಡ್ಜಿನಲ್ಲಿ ಅವನಿಗೊಂದು ಹಾಸಿಗೆ ಹಿಡಿಯುವ ಖರ್ಚು ಮಾತ್ರ ನಮ್ಮ ಲೆಕ್ಕದಲ್ಲಿ ಬರುವುದಿಲ್ಲ.

1997ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. 17 ತಾಸು ಎಚ್ಚರ ಇದ್ದವನ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವನಷ್ಟೇ ಮೊಂಡಾಗಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30 ಮಿಲಿಗ್ರಾಂ. ಅಂದರೆ ಬೆಳಗಿನ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೂ ಗಾಡಿ ಓಡಿಸುತ್ತಿರುವವನು, ಒಂದು ಹನಿ ಮುಟ್ಟದಿದ್ದರೂ, ಕುಡಿದವನ ಮಿತಿಯನ್ನು ದಾಟಿದ್ದಾನೆ. ಕುಡಿದವನ ಬಾಯಿಗೆ ಪೊಲೀಸರು ಕೊಳವೆ ಇಡುತ್ತಾರೆ. ನಿದ್ದೆಗಣ್ಣಿನವನಿಗೆ ಇಡಲು ಏನೂ ಇಲ್ಲ. ಆ ಜಾಗ ತುಂಬಲು ಬಂದದ್ದೇ ಈ ಕ್ಯಾಮೆರಾ. ಅದರ ಮೇಲೆ ನನಗೆ ಅಪನಂಬಿಕೆ ಇಲ್ಲ. ಬೇಡ ಎನ್ನುವವರ ಗುಂಪಿನಲ್ಲಿ ನಾನಿಲ್ಲ.

ನನ್ನ ತಕರಾರು ಬೇರೆ. ಮಾನಕ ಬರೆಯುವವರು ಯಾವ ರಸ್ತೆ, ಯಾವ ಮುಖ ಕಣ್ಣ ಮುಂದೆ ಇಟ್ಟುಕೊಂಡಿದ್ದಾರೆ ಎಂಬುದು. ಯುರೋಪಿನ ನಿಯಮದಲ್ಲಿ ಈ ಯಂತ್ರ ಗಾಡಿ ಗಂಟೆಗೆ 70 ಕಿ.ಮೀ. ದಾಟಿದ ಮೇಲೆ ಎಚ್ಚರಗೊಂಡರೆ ಸಾಕು. ಅವರ ಹೆದ್ದಾರಿಗೆ ಅದು ಸರಿ. ವಿಜಯಪುರದಿಂದ ಕೋರ್ತಿ-ಕೊಲ್ಹಾರದ ಸೇತುವೆ ದಾಟಿ ಬೀಳಗಿ ತಾಲ್ಲೂಕಿನ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಗೂ ಒಪ್ಪಬಹುದು. ಜಮಖಂಡಿ-ಮುಧೋಳದ ನಡುವೆ, ತೇರದಾಳ-ಬನಹಟ್ಟಿಯ ನಡುವೆ ರಾತ್ರಿ ಬಸ್ಸು 70 ಮುಟ್ಟುವುದೇ ಅಪರೂಪ. ನಮ್ಮವರು 40ರಲ್ಲಿ, 50ರಲ್ಲಿ ನಿದ್ದೆ ಹೋಗುತ್ತಾರೆ, ಅಲ್ಲಿಯೇ ಸಾಯುತ್ತಾರೆ. ಸ್ಟೀರಿಂಗ್ ನೋಡಿ ನಿದ್ದೆ ಊಹಿಸುವ ಯಂತ್ರಗಳಲ್ಲಿ ಕೆಲವಕ್ಕೆ ರಸ್ತೆಯ ಮೇಲೆ ಬಿಳಿ ಗೆರೆಯೂ ಬೇಕು. ನಮ್ಮ ರಸ್ತೆಯಲ್ಲಿ ಗೆರೆ ಅಳಿಸಿ ವರ್ಷಗಳಾಗಿರುತ್ತವೆ, ತಗ್ಗು ತಪ್ಪಿಸಲು ಪೂರ್ತಿ ಎಚ್ಚರ ಇದ್ದವನೇ ಹಾವಿನ ಹಾಗೆ ಓಡಿಸುತ್ತಾನೆ. ಅಂಥ ಕಡೆ ಯಂತ್ರ ಮಿನಿಟಿಗೊಮ್ಮೆ ಕೂಗುತ್ತದೆ, ಇಲ್ಲವೇ ಕೂಗುವುದನ್ನೇ ಬಿಡುತ್ತದೆ.

ಮುಖದ ಮಾತು ಇನ್ನೂ ಸ್ವಾರಸ್ಯದ್ದು. ಡಿಸೆಂಬರ್-ಜನವರಿಯಲ್ಲಿ ಹೊಳೆಸಾಲಿನ ರಸ್ತೆಯಲ್ಲಿ ಗಾಡಿ ಓಡಿಸುವವನ ಮುಖ ಎಷ್ಟು ಕಾಣುತ್ತದೆ? ತಲೆಗೆ ಕುಲಾಯಿ, ಅದರ ಮೇಲೆ ಮಫ್ಲರು, ಮೂಗಿನ ತನಕ ಸುತ್ತಿದ ಟವೆಲ್ಲು. ಬಾಯಿಯಲ್ಲಿ ಗುಟಕಾ ಇರುವುದರಿಂದ ದವಡೆ ಸದಾ ಆಡುತ್ತಿರುತ್ತದೆ, ಆಕಳಿಸುತ್ತಿದ್ದಾನೋ ಅಗಿಯುತ್ತಿದ್ದಾನೋ ಯಂತ್ರಕ್ಕೆ ತಿಳಿಯಬೇಕು. ಕಬ್ಬಿನ ರವದಿ, ಮಣ್ಣಿನ ದೂಳು ಕ್ಯಾಮೆರಾದ ಕಣ್ಣಿನ ಮೇಲೆ ಒಂದೇ ವಾರದಲ್ಲಿ ಪದರುಗಟ್ಟುತ್ತದೆ. ಮಾನಕದ ಪರೀಕ್ಷೆ ಪ್ರಯೋಗಶಾಲೆಯ ಬಿಳಿ ಗೋಡೆಯ ಮುಂದೆ ಮುಗಿದರೆ ಸಾಲದು. ಒಂದು ಹಂಗಾಮು ನಮ್ಮಲ್ಲಿ ನಡೆಯಲಿ. ಮಫ್ಲರು ಸುತ್ತಿದ ಮುಖದ ಮೇಲೆ, ದೂಳು ಕೂತ ಗಾಜಿನ ಹಿಂದೆ ಆ ಯಂತ್ರ ಪಾಸಾಗಲಿ. ಸುಳ್ಳು ಕೂಗು ಎಷ್ಟರ ತನಕ ಸಹ್ಯ ಎಂಬುದಕ್ಕೂ ಮಾನಕದಲ್ಲಿ ಒಂದು ಅಂಕಿ ಇರಲೇಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂದು ವೇಗ ನಿಯಂತ್ರಕದಲ್ಲಿ ಕಂಡಿದ್ದೇವೆ. ಎಫ್‌ಸಿ ಮಾಡಿಸುವ ದಿನ ಕೂರಿಸಿದ್ದು, ಆರ್‌ಟಿಒ ಗೇಟು ದಾಟಿದ ಮೇಲೆ ವೈರ್ ಕಿತ್ತದ್ದು. ಕಾರಣವಿಲ್ಲದೆ ಕೂಗುವ ಕ್ಯಾಮೆರಾಕ್ಕೆ ಒಂದು ತುಂಡು ಕಪ್ಪು ಟೇಪು ಸಾಕು.

ಇನ್ನು ಯಾರು ಈ ಮಾನಕದ ಹೊರಗೆ ಉಳಿದರು ಎಂಬುದು. ಕರಡಿನಲ್ಲಿ ಬಸ್ಸಿದೆ, ಲಾರಿಯಿದೆ. ಟ್ರ್ಯಾಕ್ಟರ್ ಇಲ್ಲ, ಮೂರೂವರೆ ಟನ್ನಿನ ಒಳಗಿನ ಪಿಕಪ್ ಗಾಡಿಗಳೂ ಇಲ್ಲ. ಟ್ರ್ಯಾಕ್ಟರ್ ಕೃಷಿಯ ಯಂತ್ರವೆಂದು ಕಾನೂನು ತಿಳಿದಿದೆ. ಹೊಲದಲ್ಲಿ ಅದು ಕೃಷಿಯದ್ದೇ. ಎರಡು ಟ್ರೇಲರ್ ಕಬ್ಬು ಹೇರಿ ಮೂವತ್ತು ನಲವತ್ತು ಕಿ.ಮೀ. ಡಾಂಬರು ರಸ್ತೆಯ ಮೇಲೆ ರಾತ್ರಿ ಹೊರಟಾಗ ಅದು ಲಾರಿಯ ಕೆಲಸ ಮಾಡುತ್ತಿರುತ್ತದೆ. 2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಹತ್ತಿರ ರಾತ್ರಿ ಶಾಲೆಯ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಜೀವ ಬಿಟ್ಟರು. ಅದು ನಿದ್ದೆಯಿಂದಲೇ ಆಯಿತೆಂದು ನಾನು ಹೇಳುತ್ತಿಲ್ಲ. ನಮ್ಮ ರಾತ್ರಿಯ ರಸ್ತೆಯಲ್ಲಿ ಬಸ್ಸೂ ಟ್ರ್ಯಾಕ್ಟರೂ ಮುಖಾಮುಖಿ ಬರುತ್ತವೆ, ಒಂದಕ್ಕೆ ನಿಯಮ, ಇನ್ನೊಂದಕ್ಕೆ ಇಲ್ಲ ಎಂಬುದಷ್ಟೇ ನನ್ನ ಮಾತು. ಬಾಗಿಲಿಲ್ಲದ, ಕ್ಯಾಬಿನ್ನಿಲ್ಲದ ಟ್ರ್ಯಾಕ್ಟರಿಗೆ ಕ್ಯಾಮೆರಾ ಹಚ್ಚುವುದು ಸುಲಭವಲ್ಲ, ಒಪ್ಪುತ್ತೇನೆ. ಅದಕ್ಕೆ ಬೇರೆ ದಾರಿಯಿದೆ, ಹೇಳುತ್ತೇನೆ.

ಅದಕ್ಕೆ ಮೊದಲು ಕ್ಲೀನರನ ನೆನಪು ಮಾಡಿಕೊಳ್ಳಬೇಕು. ಲಾರಿಯಲ್ಲಿ ಕ್ಲೀನರ್ ಎಂದು ಒಬ್ಬ ಹುಡುಗ ಇರುತ್ತಿದ್ದ. ಗಾಜು ಒರೆಸುವುದು, ಗಾಲಿಗೆ ಕಲ್ಲು ಇಡುವುದು, ಹಿಂದೆ ತೆಗೆದುಕೊಳ್ಳುವಾಗ "ಬರ್ಲಿ ಬರ್ಲಿ" ಎಂದು ಕೂಗುವುದು ಅವನ ಕೆಲಸ ಎಂದು ತಿಳಿದಿದ್ದೆವು. ಅವನ ದೊಡ್ಡ ಕೆಲಸ ರಾತ್ರಿ ಎರಡರಿಂದ ಐದರ ತನಕ ಎಚ್ಚರ ಇದ್ದು ಡ್ರೈವ್ಹರನ ಜೊತೆ ಮಾತಾಡುವುದಾಗಿತ್ತು. ಮಾತಿಗೆ ಉತ್ತರ ಬರುವುದು ತಡವಾದರೆ, "ಕಾಕಾ, ಚಾ ಕುಡಿಯೂಣು, ನಿಲ್ಲಸು" ಎನ್ನುತ್ತಿದ್ದ. ಬಾಡಿಗೆಯ ಜಗ್ಗಾಟದಲ್ಲಿ ಈಗ ಎಷ್ಟೋ ಲಾರಿಗಳಲ್ಲಿ ಅವನಿಲ್ಲ. ಕಂಡಕ್ಟರಿಲ್ಲದೆ ಓಡುವ ಬಸ್ಸುಗಳಿವೆ, ಚಾಲಕನೇ ನಿರ್ವಾಹಕನೂ ಆದ ಹುದ್ದೆಗಳಿವೆ. ಮನುಷ್ಯನನ್ನು ಇಳಿಸಿ ಉಳಿಸಿದ ದುಡ್ಡಿನಲ್ಲಿ ಈಗ ಕ್ಯಾಮೆರಾ ಕೊಳ್ಳಲು ಹೊರಟಿದ್ದೇವೆ. ಕ್ಯಾಮೆರಾ ಕ್ಲೀನರನಿಗಿಂತ ಚುರುಕು ಇರಬಹುದು. ಆದರೆ ಕ್ಲೀನರ್ ನಿಲ್ಲಿಸು ಎಂದರೆ ಗಾಡಿ ನಿಲ್ಲುತ್ತಿತ್ತು.

ಕ್ಯಾಮೆರಾ ಕೂಗಿದ ಮೇಲೆ ಏನು? ನನ್ನ ಮಾತೆಲ್ಲ ಬಂದು ನಿಲ್ಲುವುದು ಇಲ್ಲಿ. ಬನಹಟ್ಟಿಯ ಸೀರೆಯ ಗಂಟೋ, ಮಹಾಲಿಂಗಪುರದ ಬೆಲ್ಲವೋ ಹೇರಿಕೊಂಡು ಹೊರಟ ಲಾರಿಯಲ್ಲಿ ರಾತ್ರಿ ಮೂರಕ್ಕೆ ಯಂತ್ರ ಕೂಗಿತು ಎನ್ನಿ. ಬೆಳಿಗ್ಗೆ ಏಳಕ್ಕೆ ಮಾಲು ಮುಟ್ಟಬೇಕು, ತಡವಾದರೆ ಬಾಡಿಗೆಯಲ್ಲಿ ಕಡಿತ. ಚಾಲಕ ಏನು ಮಾಡುತ್ತಾನೆ? ಮುಖಕ್ಕೆ ನೀರು ಹಾಕಿಕೊಂಡು ಮುಂದೆ ಹೋಗುತ್ತಾನೆ. ಯಂತ್ರ ಮತ್ತೆ ಕೂಗುತ್ತದೆ. ಆಮೇಲೆ ಅಪಘಾತವಾದರೆ, "ಇಷ್ಟು ಸಲ ಎಚ್ಚರಿಸಿದರೂ ಕೇಳಲಿಲ್ಲ" ಎಂದು ಅದೇ ಯಂತ್ರದ ದಾಖಲೆ ಅವನ ವಿರುದ್ಧ ಸಾಕ್ಷಿಯಾಗುತ್ತದೆ. ತಪ್ಪು ಚಾಲಕನದೆಂದು ತೋರಿಸುವ ಯಂತ್ರ ಒಂದು, ಚಾಲಕನನ್ನು ಬದುಕಿಸುವ ಯಂತ್ರ ಇನ್ನೊಂದು. ಒಂದೇ ಕ್ಯಾಮೆರಾ ಎರಡೂ ಆಗಬಲ್ಲದು. ಯಾವುದಾಗಬೇಕೆಂಬುದನ್ನು ಮಾನಕ ಬರೆಯುವವರು ಹೇಳಬೇಕು. ಯಂತ್ರ ಎರಡು ಸಲ ಕೂಗಿದರೆ ಅರ್ಧ ತಾಸು ನಿಲ್ಲುವುದು ಚಾಲಕನ ಹಕ್ಕು, ಆ ಅರ್ಧ ತಾಸಿಗೆ ಬಾಡಿಗೆ ಕಡಿಯುವಂತಿಲ್ಲ, ಡಿಪೋದಲ್ಲಿ ಮೆಮೊ ಕೊಡುವಂತಿಲ್ಲ ಎಂಬ ವಾಕ್ಯ ನಿಯಮದಲ್ಲಿ ಸೇರದ ಹೊರತು ಇದೆಲ್ಲ ಅರ್ಧ ಕೆಲಸ.

ಯುರೋಪಿನವರು ಕ್ಯಾಮೆರಾದಿಂದ ಸುರುಮಾಡಲಿಲ್ಲ, ಇದನ್ನು ನಮ್ಮವರು ಗಮನಿಸಬೇಕು. ಚಾಲಕ ಎಷ್ಟು ತಾಸು ಓಡಿಸಿದ, ಎಷ್ಟು ತಾಸು ನಿಂತ ಎಂದು ತಾನೇ ಬರೆದಿಡುವ ಟ್ಯಾಕೊಗ್ರಾಫ್ ಎಂಬ ಸಾಧನವನ್ನು ಅವರು ಕಾನೂನಿಗೆ ತಂದದ್ದು 1970ರಲ್ಲಿ. ಇವತ್ತಿನ ಅವರ ನಿಯಮದಲ್ಲಿ ನಾಲ್ಕೂವರೆ ತಾಸು ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ತಾಸಿನ ಲೆಕ್ಕ ಅರ್ಧ ಶತಮಾನ ಗಟ್ಟಿಯಾದ ಮೇಲೆ ಕಣ್ಣಿನ ಲೆಕ್ಕಕ್ಕೆ ಬಂದರು. ನಮ್ಮಲ್ಲಿ ತಾಸಿನ ಲೆಕ್ಕ ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ಐದು ತಾಸು ದುಡಿದ ಮೇಲೆ ಅರ್ಧ ತಾಸು ವಿಶ್ರಾಂತಿ ಎಂದು ಬರೆದಿತ್ತು. ಐದು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಮಾಲಕನಿಗೆ ಅದು ಅನ್ವಯವಾಗುತ್ತಿರಲಿಲ್ಲ. ಒಂದೇ ಲಾರಿ, ಒಂದೇ ಟ್ರ್ಯಾಕ್ಟರ್ ಇಟ್ಟುಕೊಂಡವರೇ ತುಂಬಿರುವ ನಮ್ಮ ಕಡೆ ಇನ್ನೇನು ಉಳಿಯಿತು? 2021ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಲಾರಿ ಚಾಲಕರಿಗೂ ವಿಮಾನದ ಪೈಲಟ್‌ಗಳ ಹಾಗೆ ತಾಸು ಗೊತ್ತುಮಾಡಬೇಕು, ನಿದ್ದೆ ಪತ್ತೆಹಚ್ಚುವ ಸೆನ್ಸರನ್ನೂ ತರಬೇಕು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಸೆನ್ಸರಿನ ಕರಡು ಬಂತು. ತಾಸಿನ ಮಾತು ಹಿಂದೆ ಬಿತ್ತು. ಲಾರಿಯ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾದದ್ದನ್ನು ಮಾತ್ರ ಮೆಚ್ಚಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಅದು ಅನ್ವಯ. ನಮ್ಮ ಏಪ್ರಿಲ್ ಬಿಸಿಲಲ್ಲಿ ಇಂಜಿನ್ನಿನ ಪಕ್ಕ ಕೂತು ಬೆಂದವನಿಗೆ ರಾತ್ರಿ ನಿದ್ದೆಗಣ್ಣು ಬರದೆ ಇರುತ್ತದೆಯೇ?

ಸರಕಾರಿ ಬಸ್ಸಿನವರ ಮಾತನ್ನೂ ಎರಡು ವಾಕ್ಯದಲ್ಲಿ ಹೇಳಿಬಿಡುತ್ತೇನೆ. ನಮ್ಮ ವಾಯವ್ಯ ಸಾರಿಗೆಯ ವಸ್ತಿ ಬಸ್ಸು ರಾತ್ರಿ ಹಳ್ಳಿ ಮುಟ್ಟಿ ಗುಡಿಯ ಮುಂದೆ ನಿಲ್ಲುತ್ತದೆ, ಡ್ರೈವ್ಹರ ಕಂಡಕ್ಟರ್ ಇಬ್ಬರೂ ಸೊಳ್ಳೆ ಹೊಡೆಯುತ್ತ ಸೀಟಿನ ಮೇಲೇ ಮಲಗುತ್ತಾರೆ, ನಸುಕಿನಲ್ಲಿ ಕಾಲೇಜು ಹುಡುಗರನ್ನು ಹತ್ತಿಸಿಕೊಂಡು ಹೊರಡುತ್ತಾರೆ. ಹಳ್ಳಿಯವರು ಒಂದು ಕೋಣೆ, ಒಂದು ಫ್ಯಾನು ಕೊಟ್ಟರೆ ಅದೂ ರಸ್ತೆ ಸುರಕ್ಷತೆಯೇ, ಯಾವ ಮಾನಕದ ಅಪ್ಪಣೆಯೂ ಅದಕ್ಕೆ ಬೇಕಿಲ್ಲ.

ಕ್ಯಾಮೆರಾ ಹಿಡಿದ ಮುಖದ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. ಯುರೋಪಿನ ಕಾನೂನು ಇದರಲ್ಲಿ ಖಡಕ್ಕಾಗಿದೆ: ಯಂತ್ರ ನೋಡಿದ್ದು ಯಂತ್ರದೊಳಗೇ ಮುಗಿಯಬೇಕು, ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಉಳಿಸಿಕೊಳ್ಳಬಾರದು, ಮೂರನೆಯವರ ಕೈಗೆ ಕೊಡಬಾರದು. ನಮ್ಮಲ್ಲಿ ಈಗಾಗಲೇ ಮಾರಾಟವಾಗುತ್ತಿರುವ ಎಷ್ಟೋ ಕ್ಯಾಮೆರಾಗಳು ಮಾಲಕನ ಮೊಬೈಲಿಗೆ ವಿಡಿಯೊ ಕಳಿಸುವುದನ್ನೇ ತಮ್ಮ ಹೆಚ್ಚುಗಾರಿಕೆ ಎಂದು ಹೇಳಿಕೊಳ್ಳುತ್ತವೆ. ಬೀಡಿ ಸೇದಿದ್ದು, ಹೆಂಡತಿಯ ಫೋನಿಗೆ ಉತ್ತರ ಕೊಟ್ಟದ್ದು ಎಲ್ಲ ಮಾಲಕನ ಕಣ್ಣಿಗೆ ಬೀಳುವುದಾದರೆ ಟೇಪು ಅಂಟಿಸುವ ಕೈ ಇನ್ನಷ್ಟು ಬೇಗ ಏಳುತ್ತದೆ. ತೂಕಡಿಕೆಯ ಕೂಗು ಚಾಲಕನಿಗೆ ಮೊದಲು, ನಿಲ್ಲದೆ ಹೋದರೆ ಮಾಲಕನಿಗೆ. ಉಳಿದದ್ದು ಯಾರಿಗೂ ಬೇಡ.

ಈಗ ಟ್ರ್ಯಾಕ್ಟರಿನ ಆ ಬೇರೆ ದಾರಿ. ಹೊಸ ಗಾಡಿಗಳ ನಿಯಮ ನಮ್ಮ ಹಳೆಯ ಗಾಡಿಗಳಿಗೆ ಮುಟ್ಟಲು ವರ್ಷಗಳು ಹಿಡಿಯುತ್ತವೆ. ಬರುವ ಹಂಗಾಮು ಅಲ್ಲಿಯ ತನಕ ಕಾಯುವುದಿಲ್ಲ. ಆದರೆ ಪ್ರತಿ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಒಂದು ಟ್ಯಾಕೊಗ್ರಾಫ್ ಈಗಾಗಲೇ ಇದೆ, ಅದು ಕಾಟಾ. ತೂಕದ ಚೀಟಿಯಲ್ಲಿ ಗಾಡಿಯ ನಂಬರ್ ಇರುತ್ತದೆ, ತುಂಬಿದ ತೂಕ, ಖಾಲಿ ತೂಕ, ದಿನಾಂಕ, ಹೊತ್ತು ಎಲ್ಲ ಇರುತ್ತದೆ. ಕಂಪ್ಯೂಟರಿನಲ್ಲಿ ಹಂಗಾಮಿನ ಮೊದಲ ದಿನದಿಂದ ಕೊನೆಯ ದಿನದ ತನಕ ಪ್ರತಿ ಟ್ರ್ಯಾಕ್ಟರ್ ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಉಳಿದಿರುತ್ತದೆ. ರೈತನ ಬಿಲ್ಲಿಗೆ ಅದು ಬೇಕು, ಅದಕ್ಕೇ ಇಟ್ಟಿದ್ದಾರೆ. ಅದೇ ಚೀಟಿಗೆ ಡ್ರೈವ್ಹರನ ಲೈಸೆನ್ಸ್ ನಂಬರ್ ಸೇರಿಸಿದರೆ, ಅವನು ಎರಡು ದಿನದಿಂದ ಎಷ್ಟು ಖೇಪು ಹೊಡೆದಿದ್ದಾನೆ, ನಡುವೆ ಎಷ್ಟು ಬಿಡುವು ಸಿಕ್ಕಿತು ಎಂದು ಗೇಟಿನ ಗುಮಾಸ್ತನೇ ಹೇಳಬಲ್ಲ. ಬಿಡುವು ಸಾಲದವನ ಕಬ್ಬನ್ನು ತೂಗಿ ಇಳಿಸಿಕೊಂಡು, ಖಾಲಿ ಗಾಡಿಯನ್ನು ಆರು ತಾಸು ಯಾರ್ಡಿನಲ್ಲೇ ನಿಲ್ಲಿಸಿಕೊಳ್ಳಲಿ. ಮಾಲಕನಿಗೆ ಅವಸರವಿದ್ದರೆ ಇನ್ನೊಬ್ಬ ಡ್ರೈವ್ಹರನನ್ನು ಕಳಿಸಲಿ. ಮಲಗಲು ಗೇಟಿನ ಒಳಗೆ ಒಂದು ತಗಡಿನ ಶೆಡ್ಡು, ಗೋಣಿಚೀಲದ ಬದಲು ಚಾಪೆ, ಕುಡಿಯಲು ನೀರು, ಪಾಳಿ ಬಂದಾಗ ಮೊಬೈಲಿಗೆ ಒಂದು ಸಂದೇಶ, ಇಷ್ಟಾದರೆ ಹತ್ತು ಅಡಿಗೊಮ್ಮೆ ಎದ್ದು ಗಾಡಿ ಸರಿಸುವುದೂ ತಪ್ಪುತ್ತದೆ.

ಮೋಟಾರು ವಾಹನ ಕಾಯ್ದೆಯ 215ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ರಸ್ತೆ ಸುರಕ್ಷತಾ ಸಮಿತಿಯಿದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು, ಪೊಲೀಸರು, ಆರ್‌ಟಿಒ, ಲೋಕೋಪಯೋಗಿ ಇಲಾಖೆಯವರು ಅದರಲ್ಲಿ ಕೂರುತ್ತಾರೆ. ಹಂಗಾಮಿಗೆ ಮುಂಚೆ ಟ್ರೇಲರಿನ ಹಿಂದೆ ಪ್ರತಿಫಲಕದ ಪಟ್ಟಿ ಅಂಟಿಸಬೇಕು, ಸೌಂಡ್ ಬಾಕ್ಸ್ ಕೀಳಬೇಕು ಎಂಬ ಸೂಚನೆಗಳು ಪ್ರತಿ ವರ್ಷ ಹೊರಡುತ್ತವೆ, ಹೊರಡಲಿ. ಈ ಸಲ ಕಾರ್ಖಾನೆಯವರನ್ನೂ ಆ ಸಭೆಗೆ ಕರೆದು, ಕಾಟಾದ ಕಂಪ್ಯೂಟರಿನಿಂದ ಹೋದ ಹಂಗಾಮಿನ ರಾತ್ರಿ ಖೇಪುಗಳ ಪಟ್ಟಿಯನ್ನು ಮೇಜಿನ ಮೇಲೆ ತರಿಸಿದರೆ, ಒಂದೇ ಟ್ರ್ಯಾಕ್ಟರ್ ಹಗಲೂ ರಾತ್ರಿ ಬಿಡುವಿಲ್ಲದೆ ಗೇಟು ದಾಟಿದ ದಿನಗಳು ಎಷ್ಟು ಎಂಬುದು ಒಂದು ತಾಸಿನಲ್ಲಿ ಎಣಿಸಿ ಮುಗಿಯುತ್ತದೆ.